ತಾಳೆಗರಿಯ ಹೊಳಪು

ಆ ಶುಕ್ರವಾರ ಬೆಳಿಗ್ಗೆ ಅನಂತರಾಜು ಹೆಂಡತಿಯ ಹತ್ತಿರ ಒಂದು ಕೂದಲು ಕೇಳಿದ.

"ಉದ್ದದ್ದು ಒಂದು ಕೊಡಮ್ಮಿ. ಕರೀದು."

"ಕರೀದು ಇನ್ನೆಲ್ಲೈತೆ ನನ್ತಾವ? ಬಿಳೀದಾದ್ರೆ ಒಂದು ಜಡೆ ಕೊಡ್ತೀನಿ."

"ಬಿಳಿ ತಂತಿ ಯಾವ ವಿಮಾನಕ್ಕೂ ಇರಕ್ಕಿಲ್ಲ. ಒಸಿ ಹುಡುಕು."

ರಾಧಾಮಣಿ ಬಾಚಣಿಗೆಯಲ್ಲಿ ಹುಡುಕಿ ಒಂದು ಕೊಟ್ಟಳು. ಅವನು ಸೂಜಿಮೊನೆಯಲ್ಲಿ ಗಮ್ಮು ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ಕೂದಲನ್ನು ವಿಮಾನದ ಬೆನ್ನ ಮೇಲಿನ ಪುಟ್ಟ ಕಡ್ಡಿಯಿಂದ ಬಾಲದ ತನಕ ಎಳೆದು ಅಂಟಿಸಿದ. ರೇಡಿಯೋ ತಂತಿಯಂತೆ ಅದು. ಆಮೇಲೆ ಎದ್ದು ನಿಂತು, "ಮುಗೀತು" ಅಂದ. ಏಳು ತಿಂಗಳ ಕೆಲಸ. ಟೀ ಕುಡಿದು, ಬುತ್ತಿ ಹಿಡಿದು ಕಾರ್ಖಾನೆಗೆ ಹೋದ.

ಅದು ಅವನ ಹತ್ತನೆಯ ವಿಮಾನ. ಎಂಬತ್ತು ವರ್ಷದ ಹಿಂದೆ ಬರ್ಮಾ ಕಡೆ ಯುದ್ಧದಲ್ಲಿ ಹಾರಿದ್ದಂತೆ. ಹರಿಕೇನ್ ಅಂತ ಹೆಸರು. ಒಬ್ಬನೇ ಕೂತು ಓಡಿಸುವ ವಿಮಾನ. ಮನೆಯಲ್ಲಿದ್ದದ್ದು ಗೇಣುದ್ದದ್ದು, ಪ್ಲಾಸ್ಟಿಕ್ಕಿನದು.

ಅನಂತರಾಜು ಕೈಲಾಂಚ ಹಳ್ಳಿಯ ರೇಷ್ಮೆ ಸಾಕುವ ಮನೆಯವನು. ಹುಳುವಿನ ವಾಸನೆ ಆಗದೆ ಹದಿನೇಳಕ್ಕೇ ಚನ್ನಪಟ್ಟಣಕ್ಕೆ ಬಂದು ಗೊಂಬೆ ಕಾರ್ಖಾನೆ ಸೇರಿದ. ಮೂವತ್ತನಾಲ್ಕು ವರ್ಷ ಲೇತ್ ಮಿಷನ್ ಮುಂದೆ ಕೂತ. ಬುಗುರಿ, ಗಿಲಕಿ, ಬಳೆ, ಮಕ್ಕಳು ಎಳೆದಾಡುವ ಗಾಡಿ. ಮರ ತಿರುಗುತ್ತಿರುವಾಗ ಬಣ್ಣದ ಅರಗು ಒತ್ತಬೇಕು, ಆ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಕೊನೆಗೆ ತಾಳೆಗರಿ ಒತ್ತಬೇಕು. ಹೊಳಪು ಬರುತ್ತದೆ. ಚನ್ನಪಟ್ಟಣದಲ್ಲಿ ಹೊಳಪು ಬಂದರೆ ಸಾಮಾನು ಮುಗಿದ ಹಾಗೆ. ಬರದಿದ್ದರೆ ಎಷ್ಟು ಚೆನ್ನಾಗಿದ್ದರೂ ಮುಗಿದಿಲ್ಲ. ಮದುವೆಗೆ ಮುಂಚೆ ರಾಧಾಮಣಿಯೂ ನಾಲ್ಕು ವರ್ಷ ತಾಳೆಗರಿ ಹಿಡಿದವಳೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಬಂದ ಕಸುಬು ಅದೊಂದೇ.

ಎಂಟು ವರ್ಷದ ಹಿಂದೆ ಗೊಂಬೆ ಕೊಳ್ಳಲು ಬಂದ ರಿಟೈರ್ಡ್ ಆಫೀಸರೊಬ್ಬರು ಅನಂತರಾಜುವಿನ ಕೈಕೆಲಸ ನೋಡುತ್ತಾ ಅರ್ಧ ಗಂಟೆ ನಿಂತಿದ್ದರು. ಮುಂದಿನ ಸಲ ಬಂದಾಗ ಒಂದು ಡಬ್ಬ ಕೊಟ್ಟುಹೋದರು. ಒಳಗೆ ನೂರಾರು ಚೂರು, ಒಂದು ಚಿತ್ರದ ಪುಸ್ತಕ. ಅಲ್ಲಿಂದ ಹಿಡಿಯಿತು ಹುಚ್ಚು. ಚೂರುಗಳನ್ನು ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಬಣ್ಣ ಹಚ್ಚುವುದು. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಭಾನುವಾರ ಕಿಟಕಿ ಹತ್ತಿರ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು.

ರಾಧಾಮಣಿಗೆ ನಾಚಿಕೆಯಾಗುತ್ತಿತ್ತು. ದಿನವೆಲ್ಲ ಆಟದ ಸಾಮಾನು ಮಾಡಿ ಬಂದವನು ಮನೆಯಲ್ಲೂ ಆಟದ ಸಾಮಾನು ಹಿಡಿದು ಕೂತರೆ ನೋಡಿದವರು ಏನೆಂದಾರು? ನಾದಿನಿ ಚಿಕ್ಕಲಕ್ಷ್ಮಮ್ಮ ಒಂದು ಸಲ ಬಂದವಳು ಕೇಳಿಯೇಬಿಟ್ಟಳು.

"ಏನತ್ತಿಗೆ, ನಮ್ಮಣ್ಣ ಈ ವಯಸ್ನಾಗೆ ಪಿಳ್ಳೆ ಆಗ್ಬುಟ್ನಾ?"

"ಅದು ಆರ್ಡ್ರು ಕಣವ್ವ. ಬೆಂಗಳೂರೋರ್ದು. ಕಾಸು ಕೊಡ್ತಾರೆ" ಅಂದುಬಿಟ್ಟಳು ರಾಧಾಮಣಿ. ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಒಳಗೆ ಬಣ್ಣ ಹಚ್ಚುತ್ತಿದ್ದವನಿಗೆ ಕೇಳಿಸಿತು. ಬ್ರಷ್ಷು ಒಂದು ಗಳಿಗೆ ನಿಂತು ಮತ್ತೆ ಓಡಿತು.

ಈ ಹತ್ತನೆಯದನ್ನು ಮಾತ್ರ ಅವನು ಹೊರಗೆ ತೋರಿಸಲು ಹೊರಟಿದ್ದ. ಭಾನುವಾರ ಬೆಂಗಳೂರಿನಲ್ಲಿ ಇಂಥವನ್ನು ಮಾಡುವವರೆಲ್ಲ ಸೇರಿ ಪ್ರದರ್ಶನ ಇಟ್ಟಿದ್ದರು. ಹೆಸರು ಕೊಟ್ಟು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಗೂಟಕ್ಕೆ ತಗುಲಿತ್ತು.

ಆ ಶುಕ್ರವಾರ ಅವನು ಕೆಲಸಕ್ಕೆ ಹೋದ ಮೇಲೆ ಕಸ ಗುಡಿಸುವಾಗ ರಾಧಾಮಣಿ ವಿಮಾನವನ್ನು ಬೆಳಕಿಗೆ ಹಿಡಿದು ನೋಡಿದಳು. ಮಿಕ್ಕ ಒಂಬತ್ತೂ ಹೊಸದರ ಹಾಗಿದ್ದವು, ಇದೇನು ಇಷ್ಟು ಕೊಳಕು! ಬಣ್ಣ ಮಂಕು. ರೆಕ್ಕೆ ತುಂಬ ಕೆಮ್ಮಣ್ಣಿನ ಧೂಳು. ಮೂತಿಯ ಪಕ್ಕ ಮಸಿ. ಅಲ್ಲಲ್ಲಿ ಬಣ್ಣ ಎದ್ದು ಒಳಗಿನ ತಗಡು ಕಂಡ ಹಾಗೆ. ಬೆಂಗಳೂರಿನ ದೊಡ್ಡ ಮನುಷ್ಯರ ಮುಂದೆ ಇದನ್ನು ಇಟ್ಟರೆ, ಚನ್ನಪಟ್ಟಣದವನಿಗೆ ಒಂದು ಹೊಳಪು ಕೊಡಲು ಬರಲಿಲ್ಲವೇ ಎಂದು ನಗುವುದಿಲ್ಲವೇ?

ತಾಳೆಗರಿ ಮಡಿಸಿಕೊಂಡಳು. ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಕೊಂಡಳು. ಗೋಡೆಗೆ ಒರಗಿ ಕೂತು ಉಜ್ಜಿದಳು. ಧೂಳು ಹೋಯಿತು, ಮಸಿ ಹೋಯಿತು. ಗರಿಯ ಅಂಚಿಗೆ ಸಿಕ್ಕಿ ಕೂದಲು ಪಟ್ಟನೆ ಕಿತ್ತುಹೋಯಿತು. ಒಂದು ಕೂದಲು ತಾನೇ, ಇನ್ನೊಂದು ಕೊಟ್ಟರಾಯಿತು ಅಂದುಕೊಂಡಳು. ಒಂದು ಗಂಟೆ ಕಳೆಯುವಷ್ಟರಲ್ಲಿ ವಿಮಾನ ಹೊಸ ಗಿಲಕಿಯ ಹಾಗೆ ಫಳಫಳ ಅನ್ನುತ್ತಿತ್ತು. ಮಧ್ಯಾಹ್ನ ಪಕ್ಕದ ಮನೆಯ ಮಜೀದಾ ಜರಡಿ ವಾಪಸ್ಸು ಕೊಡಲು ಬಂದಳು. ಅನಂತರಾಜುವಿನ ಕಾರ್ಖಾನೆಯಲ್ಲೇ ಪಾಲಿಶ್ ಮಾಡುವವಳು, ಅವತ್ತು ರಜೆ ಹಾಕಿದ್ದಳು. ಬಾಗಿಲಲ್ಲೇ ಜರಡಿ ಕೊಟ್ಟು ಹೋದಳು. ವಿಮಾನವನ್ನು ನೋಡಲೂ ಇಲ್ಲ.

ಸಂಜೆ ಅನಂತರಾಜು ಬಂದವನು ಕಿಟಕಿ ಹತ್ತಿರ ನಿಂತ. ವಿಮಾನ ಎತ್ತಿ ತಿರುಗಿಸಿ ನೋಡಿದ.

"ಯಾರು ಮುಟ್ಟಿದ್ದು ಇದ್ನ?"

ದನಿ ಏರಿರಲಿಲ್ಲ. ಮುಖ ಮಾತ್ರ ಬೂದಿಯಾಗಿತ್ತು. ಹೆಮ್ಮೆಯಿಂದ ಹೇಳಿಕೊಳ್ಳಬೇಕೆಂದಿದ್ದ ರಾಧಾಮಣಿಯ ನಾಲಿಗೆ ಆ ಮುಖ ನೋಡಿ ಹೊರಳಿಬಿಟ್ಟಿತು.

"ಮಜೀದಾ ಬಂದಿದ್ಲು. ಅವಳ ಕೈ ಸುಮ್ಕಿರಕ್ಕಿಲ್ವಲ್ಲ."

"ಹಾರಿ ಹಾರಿ ಸವೆದಿರೋ ವಿಮಾನ ಅದು. ಆ ಧೂಳು ಕೂರ್ಸಕ್ಕೇ ಎರಡು ತಿಂಗ್ಳು ಹಿಡೀತು ನಂಗೆ." ಅವನು ಕೂತ. "ಬೇರೆ ಯಾರೋ ಆಗಿದ್ರೆ ಗೊತ್ತಾಗ್ನಿಲ್ಲ ಅನ್ನಬೋದಿತ್ತು. ಮಜೀದಾ ಕಸುಬಿನೋಳು. ಒಂದು ಮಾತು ಕೇಳಬಾರದಾಗಿತ್ತಾ?"

ಕೊಳಕೂ ಅವನು ಮಾಡಿದ ಕೆಲಸವೇ ಎಂದು ರಾಧಾಮಣಿಗೆ ಆಗ ತಿಳಿಯಿತು. ಆಗಲಾದರೂ ಹೇಳಬಹುದಿತ್ತು. ಅವನು ಅರ್ಧ ಮುದ್ದೆ ತಿಂದು ಎದ್ದ. ನಾಳೆ ಹೇಳೋಣ, ಸಿಟ್ಟು ಇಳಿದಿರುತ್ತದೆ ಅಂದುಕೊಂಡಳು.

ನಾಳೆ ಶನಿವಾರ. ಹನ್ನೊಂದು ಗಂಟೆಗೆ ಅನಂತರಾಜು ಮಿಷನ್ ಮುಂದೆಯೇ ಎದೆ ಹಿಡಿದುಕೊಂಡು ವಾಲಿದ. ಮೊದಲು ಓಡಿ ಬಂದವಳು ಮಜೀದಾ. ಮಿಷನ್ ಆರಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಟೋದಲ್ಲೂ ಹಾಗೇ ಹಿಡಿದುಕೊಂಡಿದ್ದಳು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಮುಗಿದಿತ್ತು.

ಮೂರನೆಯ ದಿನ ಮಜೀದಾ ಬಂದು ರಾಧಾಮಣಿಯ ಕೈ ಹಿಡಿದು ಅತ್ತಳು.

"ಅಕ್ಕಾ, ಅವತ್ತು ಬೆಳಿಗ್ಗೆ 'ಏನಣ್ಣಾ, ನಾಳೆ ವಿಮಾನ ಹಾರ್ತದಾ?' ಅಂದೆ. ಮೊಕ ತಿರುಗಿಸ್ಕೊಂಬುಟ್ರು. ಹದಿನೈದು ವರ್ಷದಲ್ಲಿ ಒಂದಿನ ಹಂಗೆ ಮಾಡಿದೋರಲ್ಲ. ನಾನೇನು ತಪ್ಪು ಮಾಡ್ದೆ?"

"ಸುಸ್ತಾಗಿತ್ತೇನೋ" ಅಂದಳು ರಾಧಾಮಣಿ.

ಮೊದಲನೆಯ ಸುಳ್ಳು ಹೆದರಿ ಹೇಳಿದ್ದು. ಇದು ಯೋಚಿಸಿ ಹೇಳಿದ್ದು.

ತಿಥಿಗೆ ಬಂದ ಚಿಕ್ಕಲಕ್ಷ್ಮಮ್ಮ ಹಲಗೆಯ ಮೇಲಿನ ಹತ್ತು ವಿಮಾನ ನೋಡಿ, "ಆರ್ಡ್ರು ಕೊಟ್ಟೋರು ಯಾಕತ್ತಿಗೆ ಇನ್ನೂ ತಗಂಡೋಗಿಲ್ಲ?" ಅಂದಳು. ರಾಧಾಮಣಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ದುಃಖ ಅಂದುಕೊಂಡರು ಎಲ್ಲರೂ.

ಮಜೀದಾ ದಿನಾ ಬರುತ್ತಿದ್ದಳು. ಒಂದು ದಿನ ಸಾರು, ಒಂದು ದಿನ ಬರಿಗೈ. ಅವಳು ಕೂತಷ್ಟು ಹೊತ್ತೂ ರಾಧಾಮಣಿ ಅವಳ ಮುಖ ನೋಡದೆ ಸೊಪ್ಪು ಬಿಡಿಸುತ್ತಿದ್ದಳು.

ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಮಜೀದಾ ಬಾಗಿಲು ಮುಂದೆ ಮಾಡಿ ಕೂತಳು. ಸೊಂಟದಿಂದ ಒಂದು ಹಳೇ ಬಸ್ ಟಿಕೆಟ್ ತೆಗೆದಳು, ನಾಲ್ಕು ಮಡಿಕೆ.

"ಅಕ್ಕಾ, ಬೈಬ್ಯಾಡ. ಆಸ್ಪತ್ರೇಲಿ ಅಣ್ಣನ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಸಿಕ್ತು. ಹೆಂಗಸರ ಕೂದ್ಲು. ಯಾರದೋ ಏನೋ, ನೀನು ನೋಡಿದ್ರೆ ಸಂಕಟ ಪಡ್ತೀಯ ಅಂತ ಬಚ್ಚಿಟ್ಕೊಂಡೆ. ಬಿಸಾಕಕ್ಕೂ ಮನಸ್ಸು ಬರ್ಲಿಲ್ಲ. ಅಣ್ಣ ಅಂಥೋರಲ್ಲ ಅಕ್ಕಾ, ಅಲ್ಲಾನ ಆಣೆ."

ರಾಧಾಮಣಿ ಬಿಡಿಸಿ ನೋಡಿದಳು. ಒಂದೇ ಎಳೆ. ಉದ್ದದ್ದು, ಕರೀದು, ಗಮ್ಮಿನ ಕಲೆ ಇಲ್ಲದ್ದು. ಕೊಬ್ಬರಿ ಎಣ್ಣೆ ವಾಸನೆ. ಶನಿವಾರ ಬೆಳಿಗ್ಗೆ ಅವನೇ ಬಾಚಣಿಗೆಯಿಂದ ತೆಗೆದುಕೊಂಡಿದ್ದ. ಸಂಜೆ ಬಂದು ಮತ್ತೆ ತಂತಿ ಕಟ್ಟುವವನಿದ್ದ. ಫಳಫಳ ಅನ್ನುವ ವಿಮಾನವನ್ನೇ ಹಿಡಿದುಕೊಂಡು ಭಾನುವಾರ ಹೋಗುವವನಿದ್ದ.

ತಾನು ಯಾರ ಮೇಲೆ ತಪ್ಪು ಹೊರಿಸಿದ್ದಳೋ ಅವಳು ಮೂರು ತಿಂಗಳಿಂದ ತನ್ನ ಮಾನ ಕಾಪಾಡಲು ಈ ಕೂದಲನ್ನು ಸೊಂಟದಲ್ಲಿಟ್ಟುಕೊಂಡು ತಿರುಗಿದ್ದಾಳೆ. ರಾಧಾಮಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ನಂದೇ ಕಣೆ" ಅಂದಳು. ಆಮೇಲೆ ಎಲ್ಲ ಹೇಳಿದಳು. ತಾಳೆಗರಿ, ಎಣ್ಣೆ, ಜರಡಿ, ಅವಳ ಹೆಸರು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

ಮಜೀದಾ ಎಲ್ಲ ಕೇಳಿಸಿಕೊಂಡಳು. ಟೀ ಲೋಟವನ್ನು ಮುಟ್ಟದೆ ಎದ್ದು ಹೋದಳು.

ಹತ್ತು ದಿನ ಬರಲಿಲ್ಲ. ಹನ್ನೊಂದನೆಯ ದಿನ ಹೊಸಿಲ ಹೊರಗೆ ನಿಂತಳು.

"ನನ್ನ ತೊಡೆ ಮೇಲೆ ಜೀವ ಬುಟ್ರು ಅಕ್ಕಾ. ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಬುಟ್ರು. ಅದ್ನ ನೀನು ಈಗ ಹೆಂಗೆ ತಗೀತೀಯ?"

ರಾಧಾಮಣಿ ಎದ್ದು ಹೊಸಿಲ ತನಕ ಬಂದಳು.

"ಜರಡಿ ಕೊಡು" ಅಂದಳು ಮಜೀದಾ. "ಹಿಟ್ಟು ಜರಡಿ ಹಿಡೀಬೇಕು."

ಜರಡಿ ಕೊಟ್ಟಳು. ಮಜೀದಾ ಈಗಲೂ ಬರುತ್ತಾಳೆ, ಜರಡಿ ಕೇಳುತ್ತಾಳೆ, ಜರಡಿ ಕೊಡುತ್ತಾಳೆ. ಹೊಸಿಲು ದಾಟುವುದಿಲ್ಲ. ಚಿಕ್ಕಲಕ್ಷ್ಮಮ್ಮನಿಗೂ ಫೋನಿನಲ್ಲಿ ಹೇಳಿಯಾಯಿತು: ಆರ್ಡರ್ ಅಲ್ಲ, ಆಸೆಗೆ ಮಾಡಿದ್ದು.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ರಾಧಾಮಣಿ ಕಿಟಕಿ ತೆಗೆಯುತ್ತಾಳೆ. ರಸ್ತೆಯ ಧೂಳು ಒಳಗೆ ಬರುತ್ತದೆ. ಅವನ ಮೆತ್ತನೆಯ ಬ್ರಷ್ಷಿನಿಂದ ಒಂಬತ್ತು ವಿಮಾನಗಳ ಮೇಲಿನ ಧೂಳು ತೆಗೆಯುತ್ತಾಳೆ, ಒಂದೊಂದಾಗಿ, ತಂತಿ ಮುಟ್ಟದ ಹಾಗೆ. ಹತ್ತನೆಯದನ್ನು ಎತ್ತಿ ಅದರ ಕೆಳಗಿನ ಹಲಗೆ ಒರೆಸಿ, ಅದರ ಮೇಲೆ ಕೂತ ಧೂಳು ಉದುರದ ಹಾಗೆ ಮತ್ತೆ ಅಲ್ಲೇ ಇಡುತ್ತಾಳೆ.