ಲಿಫ್ಟಿನೊಳಗಿನ ಶಾಂತಿದೂತರು

ಮಾದಾಪುರದಲ್ಲಿ ಐಟಿ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಮಾನವ ಹಕ್ಕುಗಳ ದಿನ ಆಚರಿಸಬೇಕೆಂದು ಹಟ ಹಿಡಿದವನು ನಾನೇ. ಶಾಂತಿಗಾಗಿ ಜೈಲು ಕಂಡ ಹಿರಿಯರ ಚಿತ್ರಗಳನ್ನು ತಂದು, ಎಲ್ಲರ ಕಣ್ಣಿಗೂ ಬೀಳಲೆಂದು ಲಿಫ್ಟಿನೊಳಗೆ ಅಂಟಿಸಿದೆ.

ವಾರದ ನಂತರ, ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಯಾದಗಿರಿ ಕಡೆಯ ಹೆಂಗಸನ್ನು ಕೇಳಿದೆ: "ಚಿತ್ರ ನೋಡಿದ್ಯೇನಮ್ಮಾ?"

ಐದು ಮಹಡಿ ಹತ್ತಿಬಂದ ಏದುಸಿರಿನಲ್ಲೇ ಆಕೆ ಅಂದಳು, "ಎಲ್ಲಿ ನೋಡ್ಬೇಕ್ರಿ ಸಾಹೇಬ್ರ? ಕೆಲಸದವ್ರು ಲಿಫ್ಟ್ ಹತ್ತಬಾರ್ದು ಅಂತ ಬೋರ್ಡ್ ಐತಲ್ರಿ."

ಆ ಬೋರ್ಡಿನ ಕೆಳಗೆ ಸಂಘದ ಕಾರ್ಯದರ್ಶಿಯೆಂದು ಇದ್ದದ್ದು ನನ್ನದೇ ಸಹಿ. ನಾಚಿಕೆಯಾಯಿತು. ಅಂದು ಸಂಜೆಯೇ ತಪ್ಪು ತಿದ್ದಿಕೊಂಡೆ. ಚಿತ್ರಗಳನ್ನೆಲ್ಲ ಕಿತ್ತು ಮೂರನೆಯ ಮಹಡಿಯ ಮೆಟ್ಟಿಲ ಗೋಡೆಗೆ ಅಂಟಿಸಿದೆ. ಸುಧಾರಿಸಿಕೊಳ್ಳಲು ಆಕೆ ದಿನವೂ ನಿಲ್ಲುತ್ತಿದ್ದುದು ಅಲ್ಲಿಯೇ.