ಗಾಯಕಿಯಿಂದ ಮೈಕಣ್ಣ ಕಲಿತದ್ದು

ನಮ್ಮ ಬೀದಿಯ ಮೈಕಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಸಭೆ, ಮದುವೆ, ಸಂಗೀತ ಕಾರ್ಯಕ್ರಮ, ಏನೇ ಇದ್ದರೂ ಮೈಕ್ ಸೆಟ್ ಅವನದೇ.

ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವುದು ಅವಳ ಕೆಲಸ. ತಮ್ಮನಿಗೆ ಓದು ತಲೆಗೆ ಹತ್ತುವುದಿಲ್ಲ, ಆದರೆ ಕೆಟ್ಟ ರೇಡಿಯೋ ಕೈಗೆ ಸಿಕ್ಕರೆ ಊಟ ಮರೆಯುತ್ತಾನೆ ಎಂಬುದು ಗೊತ್ತಾದಾಗ, ಕೂಡಿಟ್ಟದ್ದನ್ನೆಲ್ಲ ತೆಗೆದು ಹಳೆಯ ಆಂಪ್ಲಿಫೈಯರನ್ನೂ ಎರಡು ಸ್ಪೀಕರ್‌ಗಳನ್ನೂ ಕೊಡಿಸಿದಳು. ತಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಇವನ ಗಲಾಟೆಯಲ್ಲಿ ಯಾರು ಬಂದು ಹೆಣ್ಣು ಕೇಳಿದರೋ ನನಗೆ ಕೇಳಿಸಲೇ ಇಲ್ಲ ಎಂದು ನಗುತ್ತಿದ್ದಳು.

ಮೊದಲ ಕೆಲವು ವರ್ಷ ಮೈಕಣ್ಣನ ದಂಧೆ ಕುಂಟುತ್ತಲೇ ಇತ್ತು. ಭಾಷಣದ ನಡುವೆ ವೈರು ಕಿತ್ತುಬರುತ್ತಿತ್ತು, ಅವನು ಕರೆಂಟನ್ನೋ ಸಭಾಂಗಣದವರನ್ನೋ ಬೈಯುತ್ತಿದ್ದ. ಆಗಲೇ ಒಬ್ಬ ಹೆಸರಾಂತ ಗಾಯಕಿಯ ಕಾರ್ಯಕ್ರಮಕ್ಕೆ, ಬೇರೆ ಯಾರೂ ಸಿಗದೆ ಇವನನ್ನು ಕರೆದರು. ಎರಡನೆಯ ಹಾಡಿಗೇ ಮೈಕು ಕಿರ್ರೆಂದು ಕೂಗಿತು. ಕಾರ್ಯಕ್ರಮ ಮುಗಿದ ಮೇಲೆ ಆಕೆ ಹೇಳಿಕಳಿಸಿದಾಗ ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೇ ಹೋದ. ಆಕೆ ಬೈಯಲಿಲ್ಲ. ನೀನು ಎಲ್ಲಿ ಕೂತಿದ್ದೆ ಎಂದಷ್ಟೇ ಕೇಳಿದರು. ವೇದಿಕೆಯ ಹಿಂದೆ ಎಂದ.

"ಅಲ್ಲಿ ಕೂತರೆ ನಿನಗೇನು ಗೊತ್ತಾಗತ್ತಪ್ಪ? ಮುಂದಿನ ಸಲ ಕೊನೇ ಸಾಲಲ್ಲಿ ಕೂತು ಕೇಳು. ಅವರೂ ಟಿಕೆಟ್ ತಗೊಂಡೇ ಬಂದಿರೋದು."

ಮುಂದಿನ ಸಲ ಎಂಬ ಎರಡು ಶಬ್ದ ಅವನಿಗೆ ಸಾಕಾಯಿತು. ಹದಿನೆಂಟು ವರ್ಷ ಆಕೆಯ ಎಲ್ಲ ಕಾರ್ಯಕ್ರಮಕ್ಕೂ ಅವನೇ ಹೋದ. ಆಕೆ ಕೂರಿಸಿಕೊಂಡು ಪಾಠ ಹೇಳಿದವರಲ್ಲ, ಇವನು ನೋಡಿ ನೋಡಿ ಕಲಿತ. ಆಕೆ ಎರಡು ಗಂಟೆ ಮೊದಲೇ ಬರುತ್ತಿದ್ದರು, ಇವನು ಮೂರು ಗಂಟೆ ಮೊದಲು ಹೋಗತೊಡಗಿದ. ಆಕೆ ಒಂದೇ ದಿನ ಎರಡು ಕಡೆ ಒಪ್ಪಿಕೊಳ್ಳುತ್ತಿರಲಿಲ್ಲ, ಇವನೂ ಬಿಟ್ಟ. ಪಕ್ಕವಾದ್ಯದವರು ತಾಳ ತಪ್ಪಿದರೆ ಆಕೆ ಜನರೆದುರು ತಿರುಗಿಯೂ ನೋಡುತ್ತಿರಲಿಲ್ಲ. ಆಮೇಲೆ ಒಬ್ಬರನ್ನೇ ಕರೆದು ಮಾತಾಡುತ್ತಿದ್ದರು. ಅದನ್ನು ಕಂಡ ಮೇಲೆ ಇವನ ಬಾಯಿಂದ ಬೈಗುಳ ಹೋಯಿತು. ವ್ಯಾನು ಬಂತು, ನಾಲ್ಕು ಜನ ಕೆಲಸಗಾರರು ಬಂದರು. ಮೈಕಣ್ಣ ಒಪ್ಪಿಕೊಂಡ ಅಂದರೆ ನೀವು ನಿಶ್ಚಿಂತೆಯಾಗಿ ಮನೆಗೆ ಹೋಗಿ ಎಂದು ಜನ ಹೇಳುವಂತಾಯಿತು.

ಇನ್ನೂ ಒಂದು ಪಾಠವಿತ್ತು. ಗಂಡ ತೀರಿಕೊಂಡ ದಿನವೇ ಆಕೆ ವೇದಿಕೆ ಹತ್ತಿ ಹಾಡಿದ್ದರಂತೆ. ಸಂದರ್ಶನಗಳಲ್ಲಿ ಅದನ್ನು ಹೇಳಿ, ಒಪ್ಪಿಕೊಂಡ ಮೇಲೆ ನಿಲ್ಲಿಸಬಾರದು ಎನ್ನುತ್ತಿದ್ದರು. ಮೈಕಣ್ಣ ಇದನ್ನು ನನಗೇ ಹತ್ತು ಸಲವಾದರೂ ಹೇಳಿರಬೇಕು. ಹೇಳುವಾಗ ಅವನ ದನಿ ತಗ್ಗುತ್ತಿತ್ತು.

ಅಕ್ಕನಿಗೆ ಶ್ವಾಸಕೋಶದ ಕಾಯಿಲೆ. ಮೂವತ್ತು ವರ್ಷ ಕುಡಿದ ಬಟ್ಟೆಯ ಧೂಳು. ಆಸ್ಪತ್ರೆ ಸೇರಿ ಮೂರನೆಯ ವಾರ ಗಾಯಕಿಯ ದೊಡ್ಡ ಕಾರ್ಯಕ್ರಮವಿತ್ತು, ಸಂಜೆ ನಾಲ್ಕಕ್ಕೆ. ಬೆಳಗ್ಗೆ ಮೈಕಣ್ಣ ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟ, ಅಕ್ಕನ ದಿಂಬು ಸರಿಮಾಡಿದ, ಹೆಂಡತಿಯನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿ ಹೊರಟ. ಅಕ್ಕ ಅವನ ತೋಳು ಹಿಡಿದಳು.

"ಇವತ್ತೊಂದಿನ ಇರೋ."

"ಸಾವಿರ ಜನ ಬರ್ತಾರಕ್ಕ. ಒಪ್ಕೊಂಡಿದೀನಿ. ಮುಗಿದ ತಕ್ಷಣ ಬಂದುಬಿಡ್ತೀನಿ."

ಅಕ್ಕ ಮತ್ತೆ ಕೇಳಲಿಲ್ಲ. ಅವನ ಅಂಗಿಯ ತೋಳಿನ ಗುಂಡಿ ಬಿಚ್ಚಿತ್ತು. ಅದನ್ನು ಹಾಕಿ, ಸರಿ ಹೋಗು, ಅವರು ಕಾಯ್ತಿರ್ತಾರೆ ಎಂದಳು.

ಕಾರ್ಯಕ್ರಮ ಶುರುವಾಗಲು ಅರ್ಧ ಗಂಟೆ ಇರುವಾಗ ಕೆಲಸದವನೊಬ್ಬ ಕೊನೆಯ ಸಾಲಿಗೆ ಓಡಿಬಂದು ಸುದ್ದಿ ಹೇಳಿದ. ಮೈಕಣ್ಣನ ಫೋನು ಆಫ್ ಆಗಿತ್ತು. ಅವನ ಹೆಂಡತಿ ಸಿಕ್ಕಸಿಕ್ಕ ನಂಬರಿಗೆಲ್ಲ ಮಾಡಿ ಕೊನೆಗೆ ಆ ಕೆಲಸದವನನ್ನು ಹಿಡಿದಿದ್ದಳು. ಅಕ್ಕ ಹೋಗಿ ಆಗಲೇ ಒಂದು ಗಂಟೆಯಾಗಿತ್ತು.

ಮೈಕಣ್ಣ ಎದ್ದು ಹೋಗಲಿಲ್ಲ. ಯಾರಿಗೂ ಹೇಳಬೇಡ ಎಂದು ಕೆಲಸದವನಿಗೆ ತಾಕೀತು ಮಾಡಿದ. ಎರಡೂವರೆ ಗಂಟೆ ಅಲ್ಲೇ ಕೂತು, ದನಿ ಏರಿದಾಗ ತಗ್ಗಿಸಿ, ತಗ್ಗಿದಾಗ ಏರಿಸಿ, ಕಾರ್ಯಕ್ರಮ ಮುಗಿಸಿಕೊಟ್ಟ. ಅವತ್ತಿನಷ್ಟು ಚೆನ್ನಾಗಿ ಯಾವತ್ತೂ ಕೇಳಿಸಿರಲಿಲ್ಲ ಎಂದು ಹೋದವರೆಲ್ಲ ಹೇಳಿದರು. ಗಾಯಕಿ ತನ್ನನ್ನು ಮೆಚ್ಚುತ್ತಾರೆ ಎಂದು ತನಗೆ ಆಗ ಅನ್ನಿಸಿತ್ತು ಎಂದು ಅವನೇ ಆಮೇಲೆ ನನ್ನೆದುರು ಒಪ್ಪಿಕೊಂಡ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ವಿಷಯ ತಿಳಿದು ಆಕೆ ಅವನ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಕುರ್ಚಿ ಹಾಕಿದರೂ ಕೂರದೆ ಬಾಗಿಲಲ್ಲೇ ನಿಂತರು.

"ನಾನು ಎಲ್ಲರಿಗೂ ಅರ್ಧ ಮಾತ್ರ ಹೇಳ್ತಿದ್ದೆ ಕಣಪ್ಪ," ಎಂದರು. "ಯಜಮಾನರು ಹೋದ ದಿನ ಅವರಿಲ್ಲದ ಮನೇಲಿ ಕೂರೋ ಧೈರ್ಯ ನನಗಿರ್ಲಿಲ್ಲ. ಅದಕ್ಕೇ ಓಡಿಹೋಗಿ ಹಾಡಿದೆ. ಜನ ಅದನ್ನ ಶಿಸ್ತು ಅಂದರು. ಕೇಳೋಕೆ ಚೆನ್ನಾಗಿತ್ತು, ನಾನೂ ಹಾಗೇ ಹೇಳ್ಕೊಂಡು ಬಂದೆ. ನೀನು ನಿನ್ನೆ ಬೆಳಗ್ಗೆ ಒಂದು ಮಾತು ಹೇಳಿದ್ರೆ ಮೈಕಿಲ್ಲದೇ ಹಾಡ್ತಿದ್ದೆನಲ್ಲೋ."

ಮೈಕಣ್ಣ ಒಳಗೆ ಹೋಗಿ ಆಕೆಗೆ ನೀರು ತಂದುಕೊಟ್ಟ. ಆಮೇಲೆ ಆಕೆಯ ಕಾರ್ಯಕ್ರಮಗಳಿಗೆ ಕೆಲಸದವರನ್ನು ಕಳಿಸಿದನೇ ಹೊರತು ತಾನು ಹೋಗಲಿಲ್ಲ. ಆಕೆಯ ಮೇಲೆ ಸಿಟ್ಟೇ ಎಂದು ಒಮ್ಮೆ ಕೇಳಿದೆ.

"ಅವರು ಏನಾದ್ರೂ ಹೇಳ್ಕೊಳ್ಳಲಿ. ಜೀವಮಾನದಲ್ಲಿ ಅಕ್ಕ ನನ್ನ ಹತ್ರ ಏನಾದ್ರೂ ಕೇಳಿದ್ದು ಅದೊಂದೇ," ಎಂದ.

ದಂಧೆ ಈಗಲೂ ಚೆನ್ನಾಗಿಯೇ ನಡೆದಿದೆ. ಕಳೆದ ವರ್ಷ ಹೆಂಡತಿಗೆ ಜ್ವರ ಬಂದಾಗ ಮೈಕಣ್ಣ ಒಪ್ಪಿಕೊಂಡ ಕಾರ್ಯಕ್ರಮವನ್ನು ಮೊದಲ ಬಾರಿಗೆ ಬಿಟ್ಟ. ಒಂದು ಫೋನು ಮಾಡಿದ, ಅವರು ಪರವಾಗಿಲ್ಲ ಎಂದು ಬೇರೆಯವರನ್ನು ನೋಡಿಕೊಂಡರು. ಇಷ್ಟಕ್ಕೆಲ್ಲ ಮನೇಲಿ ಕೂತರೆ ಹೇಗೆ ಎಂದು ಹೆಂಡತಿಯೇ ರೇಗಿದಳಂತೆ. ಅವನು ಗಂಜಿ ಮಾಡಲು ಅಡುಗೆಮನೆಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ, ನೆಲದ ಮೇಲೆ ಕೂತು ಅಳುತ್ತಿದ್ದ.

"ಇಷ್ಟು ಸುಲಭ ಇತ್ತಲ್ಲೇ," ಎಂದನಂತೆ.

ಅವಳು ಒಲೆ ಆರಿಸಿ, ಜ್ವರದ ಮೈಯಲ್ಲೇ ಅವನ ಪಕ್ಕ ಕೂತಳು.