ವಾಕಾಂಡ ಹಳ್ಳದಲ್ಲಿ ಆಲ್ವಿನಾ ಅತ್ತೆ

ನನ್ನ ಅಪ್ಪನ ಅಕ್ಕ ಆಲ್ವಿನಾ ರೆಡ್ ವಿಲೋ ಅಮೆರಿಕದಲ್ಲಿ ನಮ್ಮ ಲಕೋಟಾ ಬುಡಕಟ್ಟಿನ ನಾಡಿನಲ್ಲಿ ಹತ್ತೊಂಬತ್ತು ವರ್ಷ ಡಯಾಲಿಸಿಸ್ ವ್ಯಾನ್ ಓಡಿಸಿದಳು. ಸೋಮವಾರ, ಬುಧವಾರ, ಶುಕ್ರವಾರ. ಮೂತ್ರಪಿಂಡ ಸೋತವರನ್ನು ಅವರವರ ಮನೆ ಬಾಗಿಲಿನಿಂದ ಹತ್ತಿಸಿಕೊಂಡು, ಐವತ್ತೆಂಟು ಮೈಲಿ ಆಚೆಯ ಕೇಂದ್ರಕ್ಕೆ ಬಿಟ್ಟು, ರಕ್ತ ಶುದ್ಧಿಯಾಗುವವರೆಗೆ ನಾಲ್ಕು ಗಂಟೆ ಕಾದು, ತಿರುಗಿ ಮನೆಗೆ ಮುಟ್ಟಿಸುವುದು ಅವಳ ಕೆಲಸ. ಕುಳ್ಳಗಿನ ದಪ್ಪ ಹೆಂಗಸು. ಸ್ಟಿಯರಿಂಗ್ ಮೇಲಿಂದ ರಸ್ತೆ ಕಾಣಲಿ ಎಂದು ದಿಂಬು ಹಾಕಿಕೊಂಡು ಕೂರುತ್ತಿದ್ದಳು. ಮಾತು ಕಡಿಮೆ. ತನ್ನ ವ್ಯಾನಿನಲ್ಲಿ ಕೂತವರು ತೀರಿಕೊಂಡರೆ ಮಣ್ಣಿಗೆ ತಪ್ಪದೆ ಹೋಗುತ್ತಿದ್ದಳು. ಹಾಗೆ ನಲವತ್ತೊಂದು ಸಲ ಹೋಗಿದ್ದಳು.

ಅವಳಿಗೆ ಇಪ್ಪತ್ತನಾಲ್ಕಕ್ಕೆ ಡುವೇನ್ ಜೊತೆ ಮದುವೆಯಾಗಿತ್ತು. ಅವನ ಕುಡಿತವನ್ನು ಹದಿನೇಳು ವರ್ಷ ಸಹಿಸಿ, ಒಂದು ದಿನ ತನ್ನ ಹೊದಿಕೆ, ಹೊಲಿಗೆ ಯಂತ್ರ ಎತ್ತಿಕೊಂಡು ಹೊರಟು ಬಂದಳು. ಆಮೇಲೆ ಅವನು ಕುಡಿತ ಬಿಟ್ಟ, ದನ ಕಟ್ಟಿದ, ನೆಟ್ಟಗಾದ. ಅವಳು ಮಾತ್ರ ತಿರುಗಿ ನೋಡಲಿಲ್ಲ. ವ್ಯಾನ್ ಹೋಗುವ ದಾರಿ ಅವನ ಗೇಟಿನ ಮುಂದೆಯೇ. ವ್ಯಾನ್ ಹಿಡಿದ ಮೊದಲ ಹದಿನೇಳು ವರ್ಷ ಅವಳು ಆ ಗೇಟು ದಾಟುವಾಗ ಕತ್ತು ಹೊರಳಿಸಿದ್ದನ್ನು ಯಾರೂ ಕಂಡಿಲ್ಲ.

ಆ ಗೇಟಿನಿಂದ ಎರಡು ಮೈಲಿ ಮುಂದೆ ಹೋದರೆ ರಸ್ತೆ ತಗ್ಗಿಗೆ ಇಳಿದು ಒಂದು ಹಳ್ಳ ದಾಟುತ್ತದೆ. ಅಲ್ಲೊಂದು ಒರತೆ ಇದೆ, ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಹರಕೆಯ ಬಟ್ಟೆ ಕಟ್ಟಿದ ಕಾಡು ಪ್ಲಮ್ ಗಿಡಗಳಿವೆ. ಹಿರಿಯರು ಅದನ್ನು ಕರೆಯುವುದು ವಾಕಾನ್ ಒರತೆ ಎಂದು, ಅದೂ ಮೆಲ್ಲಗೆ, ಏಕೆಂದರೆ ದೇವರನ್ನು ಕರೆಯುವಾಗ ಬರುವ ಮಾತು ಅದು. ನಕ್ಷೆಯಲ್ಲಿ ಮಾತ್ರ ‘ವಾಕಾಂಡ ಹಳ್ಳ’ ಎಂದಿದೆ. ದಕ್ಷಿಣದ ಒಮಾಹಾ ಜನರ ಬಾಯಲ್ಲಿ ಕೇಳಿದ್ದನ್ನು ಯಾವನೋ ಭೂಮಾಪಕ ಇಲ್ಲಿ ಬರೆದು ಹೋದನಂತೆ. ನೂರು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಅದೇ ಹೆಸರಿನ ರಾಜ್ಯವೊಂದು ಸಿನಿಮಾದಲ್ಲಿ ಬಂತು. ಹುಡುಗರು ಬೋರ್ಡಿನ ಕೆಳಗೆ ಆ ಸಿನಿಮಾದವರ ಹಾಗೆ ಎದೆ ಮೇಲೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡರು. ಮೂರು ತಿಂಗಳಲ್ಲಿ ಬೋರ್ಡು ಎರಡು ಸಲ ಕಳುವಾಯಿತು. ಮೂರನೆಯದನ್ನು ಯಾರೂ ನೆಡಲಿಲ್ಲ.

ಮಾರ್ಚ್ ತಿಂಗಳ ಹಿಮಗಾಳಿ ಗುರುವಾರ ಶುರುವಾಗಿ ಭಾನುವಾರ ನಿಂತಿತು. ಶುಕ್ರವಾರದ ಡಯಾಲಿಸಿಸ್ ತಪ್ಪಿತ್ತು. ಸೋಮವಾರ ಬೆಳಗ್ಗೆ ರಸ್ತೆಯಲ್ಲಿ ಹಿಮ ತೆಗೆಯುವ ಗಾಡಿ ಹೋದದ್ದೇ ತಡ, ಅತ್ತೆ ಹೊರಟಳು. ಇಬ್ಬರೇ ರೋಗಿಗಳು: ಎಪ್ಪತ್ತು ದಾಟಿದ ಲೆಲ್ಯಾಂಡ್ ಸ್ಲೋ ಎಲ್ಕ್, ಅವನ ತೀರಿಹೋದ ಹೆಂಡತಿಯ ತಂಗಿ ಆರ್ಫಾ. ಭಾವ-ನಾದಿನಿಯರು ಸೇರಿದರೆ ನಮ್ಮಲ್ಲಿ ಕೀಟಲೆ ನಡೆಯಲೇಬೇಕು.

“ಐದು ದಿನ ಏನ್ ತಿಂದೆ ಭಾವ?” ಎಂದು ಆರ್ಫಾ ಕೇಳಿದಳು.

“ಮನೇಲಿ ಇದ್ದಿದ್ದು ಆಲೂಗಡ್ಡೆ.”

“ಆಲೂಗಡ್ಡೆ! ಡಾಕ್ಟ್ರು ಬೇಡ ಅಂದಿದ್ದನ್ನೇ ಹುಡುಕ್ಕೊಂಡು ತಿಂದ ನೋಡು. ನಮ್ಮಕ್ಕನ ಹತ್ರ ಹೋಗೋಕೆ ಅಷ್ಟೊಂದು ಅವಸರಾನಾ?”

“ನಿನ್ನ ಬಾಯಿಂದ ತಪ್ಪಿಸ್ಕೊಳ್ಳೋಕೆ ಅದೊಂದೇ ದಾರಿ ಅಲ್ವಾ?”

ಅತ್ತೆ ನಗಲಿಲ್ಲ. ಕನ್ನಡಿಯಲ್ಲಿ ಲೆಲ್ಯಾಂಡನ ಮುಖ ನೋಡಿದಳು. ಊದಿಕೊಂಡಿತ್ತು. ಹತ್ತುವಾಗ ಅವನ ಕಾಲು ಎರಡು ಸಲ ಕುಸಿದಿತ್ತು. ಆಲೂಗಡ್ಡೆಯ ಸತ್ವ ರಕ್ತದಲ್ಲಿ ನಿಂತು ಮೊದಲು ಕಾಲಿಗೆ, ಆಮೇಲೆ ಎದೆಗೆ ಹತ್ತುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತಕ್ಕೆ ಹತ್ತು ನಿಮಿಷವಿತ್ತು. ಮೇಲೆ ತಿಳಿ ನೀಲಿ ಆಕಾಶ, ಕೆಳಗೆ ಗಾಳಿಗೆ ನೆಲ ಬಿಟ್ಟೆದ್ದ ಹಿಮ. ಹಳ್ಳದ ತಗ್ಗಿನಲ್ಲಿ ರಸ್ತೆಯೇ ಕಾಣಲಿಲ್ಲ. ಗಾಡಿ ತೆಗೆದು ಹೋಗಿದ್ದ ಜಾಗಕ್ಕೆ ಗಾಳಿ ಮತ್ತೆ ಹಿಮ ತುಂಬಿತ್ತು. ವ್ಯಾನ್ ಅದರೊಳಗೆ ನುಗ್ಗಿ, ಬಾಲ ತಿರುಗಿಸಿ, ಪಕ್ಕದ ಚರಂಡಿಗೆ ಜಾರಿ ವಾಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾಗಿಲು ಒಂದೇ ತೆರೆಯುತ್ತಿತ್ತು.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ದಿಬ್ಬ ಹತ್ತಬೇಕು. ಬರಿಗಣ್ಣಿಗೆ ಹತ್ತು ಅಡಿ ಆಚೆ ಏನೂ ಕಾಣದು, ದಾರಿ ತಪ್ಪಿದರೆ ಮುಗಿಯಿತು. ಅತ್ತೆ ಮುಳ್ಳುತಂತಿ ಬೇಲಿ ಹಿಡಿದುಕೊಂಡೇ ನೂರಿಪ್ಪತ್ತು ಹೆಜ್ಜೆ ಹತ್ತಿದಳು. ತುರ್ತು ನಂಬರಿಗೆ ಕರೆ ಹೋಯಿತು. ಹಿಂದಿನ ವರ್ಷದಿಂದ ಆ ಕರೆಗಳನ್ನು ಎತ್ತುವವರು ನಮ್ಮವರಲ್ಲ, ದೂರದ ಪಟ್ಟಣವೊಂದರಲ್ಲಿ ಕೂತವರು.

“ಎಲ್ಲಿದ್ದೀರ ಮೇಡಂ?”

“ವಾಕಾಂಡ ಹಳ್ಳದ ಹತ್ರ. ಡಯಾಲಿಸಿಸ್ ವ್ಯಾನು—”

“ಎಲ್ಲಿ?”

“ವಾಕಾಂಡ.”

ಆ ಕಡೆ ಹೆಂಗಸೊಬ್ಬಳ ನಿಟ್ಟುಸಿರು. “ಬೆಳಗ್ಗಿಂದ ಇದು ಮೂರನೇ ತಮಾಷೆ ಕಾಲ್. ಇಲ್ಲಿ ಜನ ನಿಜವಾಗ್ಲೂ ಸಾಯ್ತಿದ್ದಾರೆ ಮೇಡಂ. ನಾಚಿಕೆ ಆಗಲ್ವಾ?” ಕರೆ ಕತ್ತರಿಸಿತು.

ಅತ್ತೆ ಮತ್ತೆ ಒತ್ತಿದಳು. ಲೈನು ಸಿಗಲಿಲ್ಲ. ಕಚೇರಿಗೆ ಮಾಡಿದಳು, ಹಿಮಕ್ಕೆ ರಜೆ ಕೊಟ್ಟಿದ್ದರು, ಯಾರೂ ಎತ್ತಲಿಲ್ಲ. ಇಳಿದು ಬಂದು, ಹೊಗೆ ಕೊಳವೆಗೆ ತುಂಬಿದ ಹಿಮವನ್ನು ಕೈಯಿಂದ ಬಗೆದು ತೆಗೆದು, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದಳು. ಕೊಳವೆ ಮುಚ್ಚಿಕೊಂಡರೆ ಹೊಗೆ ಒಳಗೇ ನುಗ್ಗಿ ಮೂವರನ್ನೂ ಮಲಗಿಸುತ್ತದೆ. ಓಡಿಸದಿದ್ದರೆ ಚಳಿ.

“ಏನಂದ್ರು?” ಆರ್ಫಾ ಕೇಳಿದಳು.

“ಬರ್ತಾರೆ,” ಎಂದಳು ಅತ್ತೆ. ಆವತ್ತು ಅವಳು ಹೇಳಿದ ಒಂದೇ ಸುಳ್ಳು.

ಎರಡನೇ ಸಲ ಹತ್ತಿದಾಗ ಬೇರೆಯವನೊಬ್ಬ ಸಿಕ್ಕ. ಸಮಾಧಾನದ ಮನುಷ್ಯ. ಹೆಸರು ಕೇಳಿ, ಅಕ್ಷರ ಬಿಡಿಸಿ ಬರೆದುಕೊಂಡು, “ಸಿಕ್ಕಿತು ನೋಡಿ. ಇಪ್ಪತ್ತೈದು ನಿಮಿಷದಲ್ಲಿ ಆಂಬುಲೆನ್ಸ್ ಬರುತ್ತೆ, ಅಲ್ಲೇ ಇರಿ” ಎಂದ. ಅತ್ತೆ ಇಳಿದು ಬರುವಾಗ ಬೇಲಿಯ ಮುಳ್ಳಿಗೆ ಕೈಗವಸು ಹರಿದಿತ್ತು, ಅಂಗೈಯೂ ಹರಿದಿತ್ತು. ಅದು ಅವಳಿಗೆ ಗೊತ್ತೇ ಆಗಲಿಲ್ಲ.

ಲೆಲ್ಯಾಂಡನ ಉಸಿರು ಗೊರಗೊರ ಎನ್ನುತ್ತಿತ್ತು. ಆದರೂ ಬಾಯಿ ನಿಂತಿರಲಿಲ್ಲ. “ಕೇಳಿಸ್ತಾ ಇತ್ತು ನಂಗೆ. ನಮ್ಮಜ್ಜ ಆ ಹೆಸರು ಹೇಳ್ವಾಗ ಟೋಪಿ ತೆಗೀತಿದ್ದ. ನೀನು ದಿಬ್ಬದ ಮೇಲೆ ನಿಂತ್ಕೊಂಡು ಅದನ್ನ ಅಕ್ಷರಕ್ಷರವಾಗಿ ಕಿರುಚ್ತಿದ್ದೀಯ.”

“ಕಿರುಚದಿದ್ರೆ ಯಾರು ಕೇಳ್ತಾರೆ?”

“ಕೇಳೋರು ಮೆಲ್ಲಗಂದ್ರೂ ಕೇಳ್ತಾರೆ,” ಎಂದ. ಆಮೇಲೆ ಅವನು ಮಾತಾಡಲಿಲ್ಲ.

ಇಪ್ಪತ್ತೈದು ನಿಮಿಷವಾಯಿತು. ನಲವತ್ತಾಯಿತು. ಆರ್ಫಾ ಕೀಟಲೆ ಬಿಟ್ಟು ಭಾವನ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಪ್ರಾರ್ಥನೆಯ ಹಾಡು ಹೇಳತೊಡಗಿದಳು. ಅತ್ತೆ ಅವನ ನಾಡಿ ಹಿಡಿದು ಎಣಿಸಿದಳು. ನಿಮಿಷಕ್ಕೆ ಮೂವತ್ತೆಂಟು.

ಮೂರನೇ ಸಲ ಹತ್ತಿದಾಗ ಫೋನಿನಲ್ಲಿ ಶೇಕಡಾ ಆರರಷ್ಟು ಬ್ಯಾಟರಿ ಉಳಿದಿತ್ತು. ಅದೇ ಸಮಾಧಾನದ ಮನುಷ್ಯ ಎತ್ತಿದ.

“ಮೇಡಂ, ಆಂಬುಲೆನ್ಸ್ ಊರಲ್ಲೇ ಸುತ್ತುತ್ತಾ ಇದೆ. ನೀವು ಚರ್ಚಿನ ಯಾವ ಪಕ್ಕ?”

“ಯಾವ ಚರ್ಚು? ಇಲ್ಲಿ ಚರ್ಚೇ ಇಲ್ಲ!”

ಆಗ ಅವಳಿಗೆ ಹೊಳೆಯಿತು. ರಾಜ್ಯದ ಪೂರ್ವದ ತುದಿಯಲ್ಲಿ, ಮುನ್ನೂರು ಮೈಲಿ ಆಚೆ, ಹೆಚ್ಚುಕಡಿಮೆ ಇದೇ ಹೆಸರಿನ ಊರೊಂದಿದೆ. ಆಂಬುಲೆನ್ಸ್ ಅಲ್ಲಿ ಅವಳನ್ನು ಹುಡುಕುತ್ತಿತ್ತು. ಅವನು ಇನ್ನೂ ಏನೋ ಕೇಳುತ್ತಿದ್ದ. ಅವನಿಗೆ ಬಿಡಿಸಿ ಹೇಳುವಷ್ಟು ಬ್ಯಾಟರಿ ಇರಲಿಲ್ಲ. ಅವಳು ಕರೆ ಕತ್ತರಿಸಿ ನನಗೆ ಮಾಡಿದಳು.

ನಾನಾಗ ನಮ್ಮ ನಾಡಿನ ರೇಡಿಯೋ ಕೇಂದ್ರದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದೆ. ಹುಟ್ಟುಹಬ್ಬದ ಶುಭಾಶಯ ಓದಿ ಹಾಡು ಹಾಕಿದ್ದೆ. ಲೈನಿನಲ್ಲಿ ಬರೀ ಗಾಳಿಯ ಸದ್ದು, ಆಮೇಲೆ ಅತ್ತೆಯ ದನಿ.

“ಮರ್ಲಿಸ್, ಮಧ್ಯೆ ಮಾತಾಡಬೇಡ, ಕೇಳು. ವಾಕಾನ್ ಒರತೆ ತಗ್ಗಲ್ಲಿ ವ್ಯಾನ್ ಸಿಕ್ಕಾಕ್ಕೊಂಡಿದೆ. ಲೆಲ್ಯಾಂಡ್ ಹೋಗ್ತಿದ್ದಾನೆ. ನಮ್ಮ ಭಾಷೇಲೇ ಹೇಳು, ರೇಡಿಯೋದಲ್ಲಿ ಹೇಳು. ಡುವೇನ್ ಹತ್ರ ಟ್ರಾಕ್ಟರ್ ಇದೆ. ಅವನ ಹೆಸರು ಹಿಡಿದೇ ಹೇಳು.”

ಫೋನು ಸತ್ತಿತು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಚಿಕ್ಕವಳಿದ್ದಾಗ.

ಹಾಡು ನಿಲ್ಲಿಸಿ ಲಕೋಟಾದಲ್ಲಿ ಮೂರು ಸಲ ಹೇಳಿದೆ: ವಾಕಾನ್ ಒರತೆಯ ತಗ್ಗು, ಆಲ್ವಿನಾಳ ವ್ಯಾನು, ಲೆಲ್ಯಾಂಡ್ ಸ್ಲೋ ಎಲ್ಕ್. “ಡುವೇನ್ ಮಾವ, ರೇಡಿಯೋ ಹಾಕಿದ್ರೆ ಟ್ರಾಕ್ಟರ್ ತಗೊಂಡು ಹೊರಡು. ಅತ್ತೆನೇ ನಿನ್ನ ಹೆಸರು ಹೇಳಿದ್ದು.” ಆಮೇಲೆ ನಮ್ಮ ಆಂಬುಲೆನ್ಸ್ ಶೆಡ್ಡಿಗೆ ನೇರವಾಗಿ ಫೋನ್ ಮಾಡಿ ಹೆದ್ದಾರಿಯ ತಿರುವಿಗೆ ಬರಲು ಹೇಳಿದೆ. ಅಲ್ಲಿಂದ ಮುಂದೆ ನನಗೂ ಏನೂ ಗೊತ್ತಿರಲಿಲ್ಲ. ಕೇಳುವವರು ಯಾರೆಂದು ತಿಳಿಯದೆ ಅದನ್ನೇ ಹೇಳುತ್ತಾ ಕೂತೆ. ಅಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಮತ್ತೆ ಕಂಡಿಲ್ಲ.

ಡುವೇನ್ ಕೊಟ್ಟಿಗೆಯಲ್ಲಿ ರೇಡಿಯೋ ಹಾಕಿ ಹಸುವಿಗೆ ಹೆರಿಗೆ ಮಾಡಿಸುತ್ತಿದ್ದನಂತೆ. ಕರು ಅರ್ಧ ಹೊರಗೆ ಬಂದಿತ್ತು. ಎಳೆದು ಹುಲ್ಲಿನ ಮೇಲೆ ಹಾಕಿ, ರಕ್ತದ ಕೈಯಲ್ಲೇ ಟ್ರಾಕ್ಟರ್ ಹತ್ತಿದ. ಬೇಲಿಗುಂಟ ಬಂದ. ಅತ್ತೆ ಆ ಹೊತ್ತಿಗೆ ಲೆಲ್ಯಾಂಡನನ್ನು ಸೀಟಿನಲ್ಲಿ ಮಲಗಿಸಿ ಕೆನ್ನೆ ತಟ್ಟುತ್ತಿದ್ದಳು.

ಬಾಗಿಲು ತೆರೆದ ಡುವೇನ್ ಅವಳ ಅಂಗೈ ನೋಡಿದ. “ನಿನ್ನ ಕೈ...”

“ನನ್ನ ಕೈ ಆಮೇಲೆ. ಅವನ ಕಾಲ್ ಹಿಡ್ಕೊ.”

ಇಬ್ಬರೂ ಹೊತ್ತು ಟ್ರಾಕ್ಟರಿನ ಕ್ಯಾಬಿನ್ನಿಗೆ ತಂದರು. ಒಳಗೆ ಒಬ್ಬ ಓಡಿಸಲು, ಒಬ್ಬ ಮಲಗಲು ಜಾಗ. ಆರ್ಫಾಳನ್ನು ವ್ಯಾನಿನಲ್ಲಿ ಒಂಟಿಯಾಗಿ ಬಿಡಲು ಅತ್ತೆ ಒಪ್ಪಲಿಲ್ಲ, ತಾನೂ ಉಳಿದಳು. ಡುವೇನ್ ಹೊರಟ. ಹೆದ್ದಾರಿಯ ತಿರುವಿನಲ್ಲಿ ಆಂಬುಲೆನ್ಸ್ ಕಾದಿತ್ತು. ಎದೆಯ ಬಡಿತ ಕಾಯುವ ಔಷಧಿಯನ್ನು ಅಲ್ಲೇ ಚುಚ್ಚಿದರು. ಆ ಹೊತ್ತಿಗೆ ರೇಡಿಯೋ ಕೇಳಿದ ಇನ್ನೂ ಒಂಬತ್ತು ಗಾಡಿಗಳು ತಗ್ಗಿಗೆ ಬಂದಿದ್ದವು. ಯಾರೋ ಬಿಸಿ ಸೂಪು ತಂದಿದ್ದರು. ಆರ್ಫಾ ಅದಕ್ಕೆ ಉಪ್ಪು ಜಾಸ್ತಿ ಎಂದು ಬೈದಳಂತೆ.

ಲೆಲ್ಯಾಂಡ್ ಉಳಿದ. ಮುಂದಿನ ವರ್ಷದ ಬೇಸಿಗೆಯವರೆಗೆ ಬದುಕಿದ್ದ. ಅತ್ತೆಯ ಎಡಗೈಯ ಎರಡು ಬೆರಳಿನ ತುದಿಗಳು ಚಳಿಗೆ ಹೋದವು. ಅವಳೂ ಡುವೇನೂ ಒಂದಾದರೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. “ಸಹಾಯ ಮಾಡ್ದ, ಅದಕ್ಕೆ ಥ್ಯಾಂಕ್ಸ್ ಹೇಳ್ದೆ. ಅದಕ್ಕೂ ಇದಕ್ಕೂ ಏನು?” ಎಂದಳು ನನಗೆ.

ಅದೇ ವರ್ಷ ಅಕ್ಟೋಬರಿನಲ್ಲಿ ಆ ಪಟ್ಟಣದಿಂದ ಒಬ್ಬ ಹೆಂಗಸು ಬಂದಳು. ಮೊದಲ ಕರೆ ಕತ್ತರಿಸಿದವಳು ಅವಳೇ. ಯಾರೂ ಕಳಿಸಿರಲಿಲ್ಲ, ರಜೆ ಹಾಕಿ ಬಂದಿದ್ದಳು. ಕ್ಷಮಿಸಿ ಎನ್ನಲು ಬಾಯಿ ತೆರೆದರೆ ಅತ್ತೆ, “ವ್ಯಾನ್ ಹತ್ತು” ಎಂದಳು. ನಾನೂ ಹಿಂದೆ ಕೂತಿದ್ದೆ. ಮೂವತ್ತು ಮೈಲಿ ಅತ್ತೆ ರಸ್ತೆ ನೋಡುತ್ತಾ ಓಡಿಸಿದಳು. ಆ ಹೆಂಗಸು ಕಿಟಕಿಯಾಚೆ ಮುಖ ಮಾಡಿ ಅಳುತ್ತಿದ್ದಳು. ಹಳ್ಳದ ತಗ್ಗಿನಲ್ಲಿ ವ್ಯಾನ್ ನಿಂತಿತು.

“ನಿನ್ನ ಮೇಲೆ ನಂಗೆ ಸಿಟ್ಟಿದೆ,” ಎಂದಳು ಅತ್ತೆ. “ಇನ್ನೂ ಸ್ವಲ್ಪ ದಿನ ಇರುತ್ತೆ. ಅದು ಹೋಗೋವರೆಗೂ ಕಾಯೋಕೆ ಆಗಲ್ಲ, ಮುಂದಿನ ತಿಂಗಳು ಮತ್ತೆ ಹಿಮ ಬೀಳುತ್ತೆ. ಪುಸ್ತಕ ತಂದಿದ್ದೀಯಾ? ಬರ್ಕೊ. ಇದಕ್ಕೆ ನಾವು ಹೇಳೋ ಹೆಸರು, ನಕ್ಷೇಲಿರೋ ಹೆಸರು, ಹೆದ್ದಾರಿಯಿಂದ ಎಷ್ಟು ಮೈಲಿ, ಎಲ್ಲಾ.”

ಆ ದಿನ ಅವರು ಎಪ್ಪತ್ತಾರು ಜಾಗ ಬರೆದರು. ಒಂದೊಂದು ಹೆಸರನ್ನೂ ಅತ್ತೆ ಅವಳ ಬಾಯಲ್ಲಿ ಮೂರು ಸಲ ಹೇಳಿಸಿದಳು. ತಪ್ಪಾದರೆ, “ಊಹೂಂ, ಗಂಟಲಿಂದ” ಎನ್ನುತ್ತಿದ್ದಳು. ಆ ಹೆಂಗಸು ವರ್ಷಕ್ಕೊಮ್ಮೆ ತನ್ನ ಜೊತೆಯವರನ್ನು ಕರೆದುಕೊಂಡು ಈಗಲೂ ಬರುತ್ತಾಳೆ. ಅತ್ತೆ ವ್ಯಾನ್ ಬಿಟ್ಟು ಎರಡು ವರ್ಷವಾದರೂ ಅವರನ್ನು ಸುತ್ತಿಸುವ ಕೆಲಸವನ್ನು ಮಾತ್ರ ಬೇರೆ ಯಾರಿಗೂ ಕೊಟ್ಟಿಲ್ಲ.